ಕೌಂಟರಿನ ಬಳಿ ಅರ್ಧ ದಿನ ಕೂತು ನೋಡಿ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಅಡಿಕೆ ಬೆಳೆಗಾರರ ಒಂದು ಸಹಕಾರಿ ಸಂಘ, ಒಂದು ಆಯುರ್ವೇದ ಚಿಕಿತ್ಸಾಲಯ, ಒಂದು ದೇವಸ್ಥಾನ, ಒಂದು ಶಾಲೆ, ಹೀಗೆ ನಾಲ್ಕು ಕಡೆಗೆ ಮಾಡಿದೆ. ಒಳ್ಳೆಯ ಟೆಂಪ್ಲೇಟ್ (ಸಿದ್ಧ ಮಾದರಿ) ಕೊಂಡು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಹಾಕಿದೆ. ಮಾಡಿಸಿದವರೆಲ್ಲ ಚಂದ ಉಂಟು ಎಂದರು, ಹಣವೂ ಸರಿಯಾಗಿ ಬಂತು. ಆದರೆ ಜನ ಬಳಸುತ್ತಿಲ್ಲ. ವೈದ್ಯರ ಟೋಕನ್ನಿಗೆ ಈಗಲೂ ಫೋನೇ ಮಾಡುತ್ತಾರೆ, ಅಡಿಕೆ ದರ ಕೇಳಲು ಸಂಘದ ಬಾಗಿಲಿಗೇ ಬರುತ್ತಾರೆ. ಸಂಘದವರು ಈಗ ಸೈಟಿನಲ್ಲಿ ಒಂದು ಲೆಕ್ಕದ ಸಾಧನವೂ ಬೇಕು ಎನ್ನುತ್ತಿದ್ದಾರೆ. ನಾಲ್ಕೂ ಸೈಟುಗಳ ಕೊಂಡಿ ಕಳಿಸಿದ್ದೇನೆ. ನಾನು ಎಲ್ಲಿ ತಪ್ಪಿದೆ? ಒಬ್ಬರಿಗೊಬ್ಬರು ಹೋಲದ ಇಂಥ ಗಿರಾಕಿಗಳಿಗೆ ಕೆಲಸ ಮಾಡುವುದು ಹೇಗೆ?

ಉತ್ತರ: ನೀವು ಕಳಿಸಿದ ನಾಲ್ಕನ್ನೂ ಮೊನ್ನೆ ಸಂಜೆ ನನ್ನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ನೋಡಿದೆ. ಬಣ್ಣಗಳು ಕಣ್ಣಿಗೆ ಹಿತವಾಗಿವೆ, ಯಾವ ಪುಟವೂ ಅರ್ಧಕ್ಕೆ ನಿಂತಿಲ್ಲ, ಕೊಂಡಿಗಳೆಲ್ಲ ಹೋಗಬೇಕಾದಲ್ಲಿಗೇ ಹೋಗುತ್ತವೆ. ಎರಡು ವರ್ಷದ ಅನುಭವಕ್ಕೆ ಇದು ಸಣ್ಣ ಮಾತಲ್ಲ. ತೊಡಕು ಇರುವುದು ಅದಕ್ಕಿಂತ ಹಿಂದೆ, ಕೆಲಸ ಶುರುಮಾಡುವ ಮೊದಲು ನೀವು ಯಾರ ಜತೆ ಮಾತಾಡಿದಿರಿ ಎಂಬಲ್ಲಿ. ಸಂಘದ ಕಾರ್ಯದರ್ಶಿ, ವೈದ್ಯರು, ದೇವಸ್ಥಾನದ ಮೊಕ್ತೇಸರರು, ಶಾಲೆಯ ಮ್ಯಾನೇಜರು, ಇವರೆಲ್ಲ ಮಾಡಿಸುವವರು. ವೈದ್ಯರಿಗೆ ತಮ್ಮದೇ ಟೋಕನ್ ಬೇಡ, ಕಾರ್ಯದರ್ಶಿಗೆ ಅಡಿಕೆ ದರ ಬಾಯಿಪಾಠ. ಬಳಸಬೇಕಾದವರು ಬೇರೆ. ಅವರ ಒಂದು ಮಾತೂ ನಿಮ್ಮ ಪುಟಗಳಲ್ಲಿ ನನಗೆ ಕಾಣಲಿಲ್ಲ.

ಹೊಸ ಗಿರಾಕಿ ಬಂದರೆ ನಾನು ಮೊದಲು ಕೇಳುವುದು ಒಂದೇ: ‘ನಿಮ್ಮ ಕೌಂಟರಿನ ಹತ್ತಿರ ಒಂದು ಕುರ್ಚಿ ಹಾಕಿಕೊಡಿ, ಅರ್ಧ ದಿನ ಕೂರುತ್ತೇನೆ.’ ಕೈಯಲ್ಲಿ ಒಂದು ನೋಟ್‌ಬುಕ್ ಇದ್ದರೆ ಸಾಕು. ಬಂದವರು ಏನು ಕೇಳುತ್ತಾರೋ ಅದನ್ನು ಅವರು ಕೇಳಿದ ಭಾಷೆಯಲ್ಲಿ, ಅವರು ಬಳಸಿದ ಪದದಲ್ಲೇ ಬರೆದುಕೊಳ್ಳುವುದು. ತಿದ್ದಬಾರದು, ಗ್ರಾಂಥಿಕ ಮಾಡಬಾರದು. ಒಮ್ಮೆ ಒಂದು ಚಿಕಿತ್ಸಾಲಯದಲ್ಲಿ ಹೀಗೆ ಕೂತಿದ್ದೆ. ‘ಡಾಕ್ಟ್ರು ಇವತ್ತು ಉಂಟಾ?’ ‘ಈಗ ಎಷ್ಟನೇ ನಂಬರು ಹೋಗ್ತಾ ಉಂಟು?’ ‘ಹಳೇ ಚೀಟಿ ತರಬೇಕಾ?’ ‘ಕಷಾಯ ಇಲ್ಲೇ ಸಿಗ್ತದಾ?’ ತುಳು, ಮಲಯಾಳ, ಬ್ಯಾರಿಯಲ್ಲೂ ಇವೇ ನಾಲ್ಕು ಪ್ರಶ್ನೆ ಸುತ್ತಿ ಸುತ್ತಿ ಬಂದವು. ಚಿಕಿತ್ಸಾಲಯದ ಧ್ಯೇಯೋದ್ದೇಶವನ್ನು ಯಾರೂ ಕೇಳಲಿಲ್ಲ. ನಿಮ್ಮ ಟೆಂಪ್ಲೇಟಿನಲ್ಲಿ ಮೊದಲ ಪರದೆಯನ್ನು ಪೂರ್ತಿ ತುಂಬಿರುವುದು ಆ ಧ್ಯೇಯೋದ್ದೇಶವೇ. ‘ಡಾಕ್ಟ್ರು ಇವತ್ತು ಉಂಟಾ’ ಎಂಬುದಕ್ಕೆ ಉತ್ತರ ಮೂರನೇ ಮೆನುವಿನ ಒಳಗೆ, ಒಂದು ಪಿಡಿಎಫ್‌ನಲ್ಲಿ ಇದೆ. ಫೋನು ಮಾಡಿದರೆ ಅದೇ ಉತ್ತರ ಐದು ಸೆಕೆಂಡಿನಲ್ಲಿ ಸಿಗುತ್ತದೆ. ಹಾಗಿರುವಾಗ ಜನ ಫೋನು ಮಾಡುವುದು ಸರಿಯಾಗಿಯೇ ಇದೆ.

ಆ ನೋಟ್‌ಬುಕ್ಕೇ ನಿಮ್ಮ ವಿನ್ಯಾಸ. ಹೆಚ್ಚು ಸಲ ಕೇಳಿದ ಪ್ರಶ್ನೆಗೆ ಉತ್ತರ ಮೊದಲ ಪರದೆಯಲ್ಲಿ, ಏನನ್ನೂ ಒತ್ತದೆ ಕಾಣಬೇಕು. ನಿಮ್ಮ ನಾಲ್ಕು ಗಿರಾಕಿಗಳಿಗೆ ನಾಲ್ಕು ಬೇರೆ ಮುಖಪುಟ ಬರುವುದೂ ಇಲ್ಲಿಂದಲೇ. ಬಣ್ಣ, ಫಾಂಟು, ಬಟನ್ನು ನಾಲ್ಕರಲ್ಲೂ ಒಂದೇ ಇದ್ದರೂ ಅಡ್ಡಿಯಿಲ್ಲ, ಒಂದೇ ಟೆಂಪ್ಲೇಟ್ ಬಳಸಿದ್ದು ಅಪರಾಧವೇನಲ್ಲ. ಪ್ರಶ್ನೆಗಳು ಮಾತ್ರ ನಾಲ್ಕು ಕಡೆಯೂ ಬೇರೆ.

ಸಂಘದವರು ಒಂದು ಲೆಕ್ಕದ ಸಾಧನ ಕೇಳಿದ್ದಾರೆ ಎಂದು ಬರೆದಿದ್ದೀರಿ. ಅದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಲೆಕ್ಕ ನಿಮ್ಮ ಮನೆಯಲ್ಲೂ ಗೊತ್ತಿರುತ್ತದೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ. ಕೆಲವು ವರ್ಷದ ಹಿಂದೆ ಇದಕ್ಕೊಂದು ಸಾಧನ ಮಾಡಿದೆ. ಮೂರು ಖಾಲಿ ಚೌಕ ಇಟ್ಟೆ: ಒಟ್ಟು ಎಷ್ಟು ಲೀಟರ್, ಶೇಕಡಾವಾರು ಎಷ್ಟು, ಮರಗಳ ಸಂಖ್ಯೆ ಎಷ್ಟು. ಕೆಳಗೆ ‘ಲೆಕ್ಕ ಹಾಕಿ’ ಎಂಬ ಬಟನ್. ಲೆಕ್ಕದಲ್ಲಿ ಒಂದು ಗ್ರಾಮಿನ ತಪ್ಪೂ ಇರಲಿಲ್ಲ. ಮುಳ್ಳೇರಿಯದ ಕಡೆಯ ಒಂದು ತೋಟಕ್ಕೆ ಹೋಗಿ ಅಲ್ಲಿನ ಹಿರಿಯರ ಕೈಗೆ ಫೋನು ಕೊಟ್ಟೆ. ಅವರು ಮೊದಲ ಚೌಕವನ್ನು ನೋಡುತ್ತಾ ನಿಂತರು. ‘ಲೀಟರ್ ಲೆಕ್ಕ ಯಾರಿಗೆ ಗೊತ್ತು ಮಾರಾಯ್ರೆ, ನಮ್ಮದು ಡ್ರಮ್ಮಿನ ಲೆಕ್ಕ’ ಎಂದರು. ಆಮೇಲೆ ಮೈಲುತುತ್ತು ಕಲಸಿದ ಒದ್ದೆ ಕೈಯಲ್ಲಿ ಅಂಕಿ ಒತ್ತಲು ನೋಡಿದರು. ಒಂದು ಒತ್ತಿದರೆ ಇನ್ನೊಂದು ಬಂತು. ಅಷ್ಟರಲ್ಲಿ ಪುಟ ಮತ್ತೆ ಲೋಡ್ ಆಗಲು ಹೊರಟಿತು. ಆ ಕಣಿವೆಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಬಿಳಿ ಪರದೆ ಉಳಿಯಿತು.

ಮನೆಗೆ ಬಂದು ಪೂರ್ತಿ ಬಿಚ್ಚಿ ಮಾಡಿದೆ. ಈಗ ತೆರೆದ ಕೂಡಲೇ 200 ಲೀಟರಿನ ಒಂದು ಡ್ರಮ್ ಎಂದು ಹಿಡಿದು ಉತ್ತರವೇ ಮೊದಲು ಕಾಣುತ್ತದೆ: ಮೈಲುತುತ್ತು 2 ಕಿಲೋ, ಸುಣ್ಣ 2 ಕಿಲೋ. ಬಹಳ ಮಂದಿಗೆ ಅಷ್ಟು ಸಾಕು, ಅವರು ಏನನ್ನೂ ಮುಟ್ಟಬೇಕಾಗಿಲ್ಲ. ಡ್ರಮ್ ಹೆಚ್ಚಿದ್ದರೆ ಹೆಬ್ಬೆರಳಿನಷ್ಟು ಅಗಲದ ಕೂಡಿಸುವ, ಕಳೆಯುವ ಎರಡು ಗುಂಡಿ. 100 ಲೀಟರಿನ ಡ್ರಮ್ ಆದರೆ ಅದಕ್ಕೊಂದು ಗುಂಡಿ. ಶೇಕಡಾವಾರಿನ ಚೌಕವನ್ನೇ ತೆಗೆದೆ, ಏಕೆಂದರೆ ತೋಟದಲ್ಲಿ ಅದನ್ನು ಬದಲಿಸುವವರು ಯಾರೂ ಸಿಗಲಿಲ್ಲ. ‘2.00 ಕೆಜಿ’ ಎಂದು ಬರುತ್ತಿದ್ದದ್ದನ್ನು ‘2 ಕಿಲೋ’ ಮಾಡಿದೆ. ಪುಟವನ್ನು ಒಮ್ಮೆ ತೆರೆದರೆ ಆಮೇಲೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಬ್ರೌಸರಿನಲ್ಲೇ ಉಳಿಸುವ ವ್ಯವಸ್ಥೆ ಮಾಡಿದೆ. ಇಂಥ ಚಿಕ್ಕ ಲೆಕ್ಕಕ್ಕೆ ಸರ್ವರಿನ ಹಂಗು ಬೇಡವೇ ಬೇಡ.

ಇನ್ನೂ ಒಂದು ಬದಲಾವಣೆ ಮಾಡಿದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಸುಣ್ಣ ಎಲ್ಲ ಕಡೆಯೂ ಒಂದೇ ಗುಣದ್ದು ಇರುವುದಿಲ್ಲ. ಹಳೆಯ ಸುಣ್ಣವಾದರೆ 2 ಕಿಲೋ ಸಾಲುವುದಿಲ್ಲ, ತಾಮ್ರದ ಅಂಶ ಹಾಗೇ ಉಳಿದು ಗೊನೆ, ಸೋಗೆ ಸುಡುತ್ತದೆ. ತೋಟದವರು ಅದನ್ನು ಪರೀಕ್ಷಿಸುವುದು ಹೊಳೆಯುವ ಚಾಕು ಅದ್ದಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು. ನನ್ನ ಮೊದಲ ಸಾಧನ ಇದನ್ನು ಹೇಳುತ್ತಲೇ ಇರಲಿಲ್ಲ, ಕರಾರುವಾಕ್ಕಾದ ಅಂಕಿ ಕೊಟ್ಟು ಸುಮ್ಮನಾಗುತ್ತಿತ್ತು. ಈಗ ಅಂಕಿಯ ಕೆಳಗೇ ಒಂದು ಸಾಲು: ‘ಬಿಡುವ ಮೊದಲು ಚಾಕು ಅದ್ದಿ ನೋಡಿ’. ಲೆಕ್ಕದ ಸಾಧನ ಯಾವುದಾದರೂ ಆಗಲಿ, ಸಾಲದ ಕಂತಿನದ್ದಿರಲಿ, ಔಷಧಿಯ ಪ್ರಮಾಣದ್ದಿರಲಿ, ಅಂಕಿ ಎಲ್ಲಿವರೆಗೆ ನಂಬಬಹುದು, ಎಲ್ಲಿಂದ ಆಚೆ ಕಣ್ಣಾರೆ ನೋಡಬೇಕು ಎಂಬುದನ್ನು ಅದೇ ಪರದೆಯಲ್ಲಿ ಹೇಳಲೇಬೇಕು.

ಅಡಿಕೆ ದರದ ಪುಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಇಂದಿನ ದರ’ ಎಂದಷ್ಟೇ ಬರೆದಿದ್ದೀರಿ, ತಾರೀಕು ಇಲ್ಲ. ತಾರೀಕು ಇಲ್ಲದ ದರವನ್ನು ನಂಬಿ ಯಾರೂ ಜೀಪಿಗೆ ಅಡಿಕೆ ಹೇರುವುದಿಲ್ಲ. ದರದ ಪಕ್ಕದಲ್ಲೇ ದಿನ, ಗಂಟೆ ಇರಲಿ. ಹೊಸತು, ಹಳತು, ಪಟೋರ, ಕರಿಗೋಟು ಎಂದು ಅಂಗಳದಲ್ಲಿ ಹೇಳುವ ಹೆಸರುಗಳೇ ಇರಲಿ. ‘ಶ್ರೇಣಿ 1, ಶ್ರೇಣಿ 2’ ಎಂದು ನೀವು ಮಾಡಿದ್ದು ಯಾರಿಗೂ ಅರ್ಥವಾಗುವುದಿಲ್ಲ. ಆದರೆ ಆ ದರವನ್ನು ದಿನಾ ಹಾಕುವವರು ಯಾರು? ಸಂಘದ ಗುಮಾಸ್ತರು. ಅವರು ಈಗ ಕಂಪ್ಯೂಟರ್ ತೆರೆದು, ಇಂಗ್ಲಿಷ್ ಮೆನುಗಳಲ್ಲಿ ಆರು ಹೆಜ್ಜೆ ದಾಟಿ, ಒಂದು ಕೋಷ್ಟಕವನ್ನು ತಿದ್ದಬೇಕು. ಎರಡು ವಾರ ಮಾಡಿಯಾರು, ಮೂರನೇ ವಾರ ಬಿಟ್ಟಾರು. ಬಿಟ್ಟಿದ್ದಾರೆ ಎಂದು ನಿಮ್ಮ ಪುಟವೇ ಹೇಳುತ್ತದೆ. ಅವರಿಗಾಗಿ ಫೋನಿನಲ್ಲಿ ತೆರೆಯುವ ಒಂದು ಪುಟ ಮಾಡಿಕೊಡಿ. ನಾಲ್ಕು ಚೌಕ, ಅದರೊಳಗೆ ನಿನ್ನೆಯ ದರ ಮೊದಲೇ ತುಂಬಿರಲಿ, ಬದಲಾದದ್ದನ್ನು ಮಾತ್ರ ತಿದ್ದಿ ‘ಹಾಕಿ’ ಒತ್ತಿದರೆ ಮುಗಿಯಬೇಕು. ತಪ್ಪಿ ಒಂದು ಸೊನ್ನೆ ಹೆಚ್ಚು ಬಿದ್ದರೆ ‘ನಿನ್ನೆಗಿಂತ ಬಹಳ ಹೆಚ್ಚು, ಸರಿಯಾ?’ ಎಂದು ಕೇಳಲಿ. ಚೌಕಕ್ಕೆ ಅಂಕಿಗಳ ಕೀಲಿಮಣೆಯೇ ಬರುವಂತೆ ಹೇಳುವ ಗುರುತು ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಉಂಟು, ಮರೆಯಬೇಡಿ. ಗುಮಾಸ್ತರಿಗೆ ಸುಲಭವಾಗದ ಸೈಟು ಬೆಳೆಗಾರರಿಗೆ ಹಳಸಿದ ದರವನ್ನೇ ತೋರಿಸುತ್ತದೆ.

ಈಗ ದೇವಸ್ಥಾನದ ಸೇವಾ ಫಾರ್ಮ್. ಅದರಲ್ಲಿ ಹೆಸರಿನ ಮೊದಲ ಭಾಗ, ಕೊನೆಯ ಭಾಗ, ಗೋತ್ರ, ರಾಶಿ, ನಕ್ಷತ್ರ ಐದಕ್ಕೂ ಕಡ್ಡಾಯದ ಚುಕ್ಕೆ ಹಾಕಿದ್ದೀರಿ. ನಮ್ಮ ಊರಿನಲ್ಲಿ ಕೂತು ಇದನ್ನು ಯೋಚಿಸಿ ನೋಡಿ. ಹವ್ಯಕರು ಗೋತ್ರ ಹೇಳುತ್ತಾರೆ. ತುಳುವರಲ್ಲಿ ಬಹಳ ಮಂದಿಗೆ ಗೊತ್ತಿರುವುದು ‘ಬಳಿ’, ಅಂದರೆ ಕುಲದ ಹೆಸರು. ಮಲಯಾಳಿಗಳು ಹೆಸರು, ನಕ್ಷತ್ರ ಎರಡೇ ಹೇಳಿ ರಶೀದಿ ತೆಗೆದುಕೊಳ್ಳುತ್ತಾರೆ. ಗೋತ್ರದ ಚೌಕ ಕಡ್ಡಾಯವಾದ ಕ್ಷಣದಲ್ಲಿ ಅರ್ಧ ಊರಿನ ಭಕ್ತರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗಾಯಿತು. ಕೌಂಟರಿನ ಭಟ್ರು ಹಾಗೆ ಎಂದಾದರೂ ನಿಲ್ಲಿಸಿದ್ದುಂಟೇ? ನಕ್ಷತ್ರದ ಪಟ್ಟಿಯಲ್ಲೂ ಇದೇ ತೊಂದರೆ. ಶ್ರವಣ ಎಂದು ಹುಡುಕುವವರಿಗೆ ಸಿಗುತ್ತದೆ, ತಿರುವೋಣಂ ಎಂದು ಹುಡುಕುವವರಿಗೆ ಸಿಗುವುದಿಲ್ಲ. ಎರಡೂ ಒಂದೇ ನಕ್ಷತ್ರ. ಆರ್ದ್ರಾ–ತಿರುವಾದಿರ, ಸ್ವಾತಿ–ಚೋದಿ, ಜ್ಯೇಷ್ಠಾ–ತೃಕ್ಕೇಟ್ಟ, ಹೀಗೆ 27ಕ್ಕೂ ಎರಡೆರಡು ಹೆಸರು ಪಟ್ಟಿಯಲ್ಲೇ ಜೋಡಿಸಿಡಿ, ಯಾವುದನ್ನು ಟೈಪಿಸಿದರೂ ಸಿಗಲಿ. ಹೆಸರನ್ನು ಎರಡು ತುಂಡು ಮಾಡುವುದೂ ನಮ್ಮಲ್ಲಿ ನಡೆಯುವ ಮಾತಲ್ಲ. ಇಲ್ಲಿ ಮುಂದೆ ಎರಡು ಇನಿಶಿಯಲ್ ಇಟ್ಟುಕೊಂಡು ಒಂದೇ ಹೆಸರಿನಲ್ಲಿ ಬದುಕುವವರೇ ಹೆಚ್ಚು. ‘ಪೂರ್ಣ ಹೆಸರು’ ಎಂದು ಒಂದೇ ಚೌಕ ಸಾಕು. ವಿಳಾಸದಲ್ಲಿ ಬೀದಿ, ಕ್ರಾಸ್ ಕೇಳಬೇಡಿ. ಮನೆ ಹೆಸರು, ಅಂಚೆ, 671ರಿಂದ ಶುರುವಾಗುವ ಪಿನ್‌ಕೋಡ್ ಕೇಳಿ, ಪ್ರಸಾದದ ಕವರು ತಲುಪುತ್ತದೆ.

ಆ ದೇವಸ್ಥಾನದ ಫಾರ್ಮ್ ತುಂಬುವವರಲ್ಲಿ ಗಲ್ಫಿನಲ್ಲಿರುವ ಮಕ್ಕಳೂ ಇರುತ್ತಾರೆ. ‘ಬೆಳಿಗ್ಗೆ 7ಕ್ಕೆ ನೇರಪ್ರಸಾರ’ ಎಂದರೆ ದುಬೈಯಲ್ಲಿ ಆಗ ಐದೂವರೆ, ದೋಹಾದಲ್ಲಿ ನಾಲ್ಕೂವರೆ. ‘ಭಾರತದ ಸಮಯ’ ಎಂಬ ಎರಡು ಪದ ಸೇರಿಸಿದರೆ ಸಾಕು.

ಭಾಷೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಕಾಸರಗೋಡಿನವರಲ್ಲದೆ ಬೇರೆಯವರು ಬೇಗ ಅರ್ಥ ಮಾಡಿಕೊಳ್ಳಲಾರರು. ನಿಮ್ಮ ಸೈಟುಗಳು ಫೋನು ಎಲ್ಲಿದೆ ಎಂದು ನೋಡಿ, ಕೇರಳ ಎಂದು ತಿಳಿದು, ಮಲಯಾಳವನ್ನೇ ಮೊದಲು ತೆರೆಯುತ್ತವೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಆದರೆ ನಿಮ್ಮಜ್ಜಿ ಓದುವುದು ಕನ್ನಡ. ಎಲ್ಲಿ ನಿಂತಿದ್ದಾರೆ ಎಂಬುದರಿಂದ ಏನು ಓದುತ್ತಾರೆ ಎಂದು ಹೇಳಲಾಗದ ಜಿಲ್ಲೆ ಇದು. ಫೋನಿನ ಭಾಷೆಯನ್ನು ನೋಡಿ ಊಹಿಸೋಣ ಎಂದರೆ ಅದೂ ಸುಳ್ಳಾಗುತ್ತದೆ, ಬಹಳ ಮಂದಿ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟಿರುತ್ತಾರೆ. ಊಹೆ ಬೇಡ, ಮೊದಲ ಸಲ ಕೇಳಿಬಿಡಿ. ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರಲಿ, ಬಾವುಟದ ಚಿತ್ರ ಬೇಡ. ಆರಿಸಿದ್ದನ್ನು ನೆನಪಿಟ್ಟುಕೊಳ್ಳಲಿ. ಬದಲಿಸುವ ಗುಂಡಿ ಪ್ರತಿ ಪುಟದ ಮೇಲೂ ಇರಲಿ. ಒತ್ತಿದಾಗ ಅದೇ ಪುಟ ಇನ್ನೊಂದು ಭಾಷೆಯಲ್ಲಿ ತೆರೆಯಬೇಕು. ನಿಮ್ಮದರಲ್ಲಿ ಅರ್ಧ ತುಂಬಿದ ಫಾರ್ಮ್ ಅಳಿಸಿಹೋಗಿ ಮುಖಪುಟಕ್ಕೆ ಬಂದು ಬಿದ್ದೆ.

ಏಳು ಭಾಷೆಯ ಊರು ಎಂದು ಏಳರಲ್ಲೂ ಮಾಡಹೊರಡಬೇಡಿ. ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರಲ್ಲಿ ಹೆಚ್ಚಿನವರು ಓದಲು ಕನ್ನಡವನ್ನೋ ಮಲಯಾಳವನ್ನೋ ಇಂಗ್ಲಿಷನ್ನೋ ಹಿಡಿಯುತ್ತಾರೆ. ತುಳು–ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರುಗಳೆಲ್ಲ ಒಪ್ಪಿದ ಅಕ್ಷರಗಳ ಪಟ್ಟಿಯಲ್ಲಿ, ಸ್ಥಾನ ಸಿಕ್ಕಿದ್ದು ನನಗೆ ತುಂಬಾ ಸಂತೋಷ ಕೊಟ್ಟ ಸುದ್ದಿ, ಆದರೆ ಕೈಯಲ್ಲಿರುವ ಫೋನುಗಳಲ್ಲಿ ಅದು ಮೂಡಲು ಇನ್ನೂ ಸಮಯ ಬೇಕು. ಅದಕ್ಕಿಂತ ದೊಡ್ಡ ಬದಲಾವಣೆ ಮನೆಗಳ ಒಳಗೇ ಆಗುತ್ತಿದೆ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಕನ್ನಡ ಓದದ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಅವರಿಗಾಗಿ, ಅಕ್ಷರವೇ ಬಾರದ ಹಿರಿಯರಿಗಾಗಿ, ಚಿಕಿತ್ಸಾಲಯದ ಟೋಕನ್ ಪುಟದಲ್ಲಿ ಒಂದು ಧ್ವನಿ ಗುಂಡಿ ಇಡಿ. ಕೌಂಟರಿನಲ್ಲಿ ಕೂರುವ ಅಕ್ಕನೇ ತುಳುವಿನಲ್ಲಿ, ಮಲಯಾಳದಲ್ಲಿ ಇಪ್ಪತ್ತು ಸೆಕೆಂಡ್ ಹೇಳಿದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಹಾಕಿ. ಆ ಸ್ವರ ಊರವರಿಗೆ ಗುರುತಿನದ್ದು.

ಕನ್ನಡ ಪುಟದಲ್ಲಿ ‘ಮನೆ’ ಎಂಬ ಮೆನು ಕಂಡೆ. ಮುಖಪುಟಕ್ಕೆ ಇಂಗ್ಲಿಷಿನಲ್ಲಿರುವ ‘ಹೋಮ್’ ಎಂಬುದನ್ನು ಯಂತ್ರ ಹಾಗೆ ಅನುವಾದಿಸಿದೆ. ಇನ್ನೊಂದರಲ್ಲಿ ಟೋಕನ್ ಕಾದಿರಿಸುವ ಬಟನ್ ಮೇಲೆ ‘ಈಗ ಪುಸ್ತಕ’ ಎಂದಿದೆ, ಅದು ‘ಬುಕ್ ನೌ’ ಎಂಬುದರ ಅನುವಾದ. ಮಲಯಾಳದಲ್ಲೂ ಇಂಥವು ಇವೆ, ಓದಬಲ್ಲ ಗೆಳತಿಯೊಬ್ಬಳ ಕೈಯಲ್ಲಿ ತೋರಿಸಿ. ಬಟನ್ ಮೇಲಿನ ಪದಗಳನ್ನು ಯಂತ್ರಕ್ಕೆ ಬಿಡಲೇಬಾರದು. ಅವು ಹತ್ತೋ ಹದಿನೈದೋ ಇರುತ್ತವೆ, ಒಂದು ಸಂಜೆಯ ಕೆಲಸ. ‘ಟೋಕನ್ ಬೇಕು’, ‘ದರ ನೋಡಿ’, ‘ಕಳಿಸಿ’ ಎಂದಿರಲಿ. ಪಾಸ್‌ವರ್ಡ್ ಪಾಸ್‌ವರ್ಡೇ, ಒಟಿಪಿ ಒಟಿಪಿಯೇ. ಅದನ್ನು ಗುಪ್ತಪದ ಎಂದು ಮಾಡಿದರೆ ಕನ್ನಡ ಉಳಿಯುವುದಿಲ್ಲ, ಓದುವವರು ಇಂಗ್ಲಿಷಿಗೆ ಹೋಗುತ್ತಾರೆ.

ಊರಿನ ಹೆಸರುಗಳಲ್ಲಿ ಎಚ್ಚರ ಇರಲಿ. ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆ ಕುಂಬ್ಳ, ಬೇಡಡ್ಕ ಬೇಡಗಂ. ಹೊಸದುರ್ಗ ಎಂದು ಕನ್ನಡದಲ್ಲಿ ಹೇಳುವ ಪೇಟೆಯನ್ನು ಜನ ಕಾಞಂಗಾಡ್ ಎಂದೂ ಹುಡುಕುತ್ತಾರೆ. ಕನ್ನಡ ಪುಟದಲ್ಲಿ ಕನ್ನಡದ ಹೆಸರೇ ಇರಬೇಕು, ಅದರಲ್ಲಿ ರಾಜಿ ಬೇಡ. ಆ ಹೆಸರುಗಳು ಕಡತಗಳಿಂದ ಒಂದೊಂದಾಗಿ ಮರೆಯಾಗುವುದನ್ನು ಕಂಡವರು ನಾವು. ಆದರೆ ಹುಡುಕುವಾಗ ಎರಡೂ ಸಿಗಲಿ.

ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಕನ್ನಡ ಕೂರಿಸಿದಾಗ ಆಗುವ ತೊಂದರೆಗಳನ್ನು ಬೇಗ ಹೇಳಿಬಿಡುತ್ತೇನೆ, ಇವು ಒಂದೇ ದಿನದಲ್ಲಿ ಸರಿಯಾಗುವಂಥವು. ಇಂಗ್ಲಿಷಿನವರು ತಲೆಬರಹವನ್ನು ದೊಡ್ಡಕ್ಷರದಲ್ಲಿ ಇಟ್ಟು, ಅಕ್ಷರಗಳ ನಡುವೆ ಜಾಗ ಬಿಟ್ಟು ಬೇರೆ ಕಾಣಿಸುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಹಾಗಾಗಿ ನಿಮ್ಮ ತಲೆಬರಹಗಳು ಸಾಮಾನ್ಯ ಸಾಲಿನ ಹಾಗೇ ಕಾಣುತ್ತವೆ, ಮೇಲಿಂದ ಅಕ್ಷರಗಳು ಬಿಟ್ಟು ಬಿಟ್ಟು ನಿಂತಿವೆ. ಅಂತರ ಸೊನ್ನೆ ಮಾಡಿ, ಗಾತ್ರ, ದಪ್ಪದಿಂದ ಭೇದ ತೋರಿಸಿ. ಓರೆ ಅಕ್ಷರವೂ ನಮ್ಮ ಲಿಪಿಯ ಗುಣವಲ್ಲ, ಬ್ರೌಸರು ಬಲವಂತವಾಗಿ ಬಾಗಿಸುತ್ತದೆ, ತೆಗೆದುಬಿಡಿ. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 1.7 ಇಡುತ್ತೇನೆ. ಬಟನ್ನಿಗೆ ಎತ್ತರ ಕಟ್ಟಿಹಾಕಬೇಡಿ, ‘ರಾಷ್ಟ್ರೀಯ’ ಎಂದು ಬರೆದರೆ ಅಡಿಯ ಒತ್ತು ಕತ್ತರಿಸಿಹೋಗುತ್ತದೆ.

ಹೆಸರಿನ ಚೌಕಕ್ಕೆ 20 ಅಕ್ಷರದ ಮಿತಿ ಹಾಕಿದ್ದೀರಿ. ಕಂಪ್ಯೂಟರಿನ ಲೆಕ್ಕ ನಮ್ಮ ಲೆಕ್ಕದ ಹಾಗಲ್ಲ. ‘ಕೃಷ್ಣಮೂರ್ತಿ’ ನಮಗೆ ನಾಲ್ಕು ಅಕ್ಷರ, ಯುನಿಕೋಡಿಗೆ 11. ‘ಸ್ತ್ರೀ’ ಒಂದೇ ಅಕ್ಷರ, ಅಲ್ಲಿ 6. ಮಿತಿಯನ್ನು ತೆಗೆಯಿರಿ ಅಥವಾ ತುಂಬಾ ಹಿಗ್ಗಿಸಿ. ಟೋಕನ್ನಿನ ಎಸ್‌ಎಂಎಸ್ ಕನ್ನಡದಲ್ಲಿ ಕಳಿಸುವುದಾದರೆ ಒಂದು ಸಂದೇಶಕ್ಕೆ ಹಿಡಿಯುವುದು 70 ಮಾತ್ರ, ಇಂಗ್ಲಿಷಿನ ಹಾಗೆ 160 ಅಲ್ಲ. ಅದೂ ಯುನಿಕೋಡಿನ ಲೆಕ್ಕದ 70. ಆದ್ದರಿಂದ ‘ಟೋಕನ್ 14, ಬೆಳಿಗ್ಗೆ 10.30’ ಎಂದು ಚುಟುಕಾಗಿ ಬರೆಯಿರಿ, ಗೌರವದ ಮಾತೆಲ್ಲ ಪುಟದಲ್ಲಿರಲಿ.

ಶಾಲೆಯವರು ಕೊಟ್ಟ ಲೇಖನಗಳನ್ನು ಮುದ್ರಣಕ್ಕೆ ಬಳಸುತ್ತಿದ್ದ ಹಳೆಯ ಡಿಟಿಪಿ ಫಾಂಟಿನಲ್ಲಿದ್ದ ಕಾರಣ ಚಿತ್ರ ಮಾಡಿ ಹಾಕಿದ್ದೀರಿ. ಚಿತ್ರದೊಳಗಿನ ಕನ್ನಡವನ್ನು ಹುಡುಕಲಾಗದು, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ದೃಷ್ಟಿಯಿಲ್ಲದವರ ಫೋನು ಅದನ್ನು ಓದಿ ಹೇಳಲಾರದು. ಆ ಅಕ್ಷರಗಳನ್ನು ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳು ಇವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ, ಅರ್ಕಾವತ್ತು ಹೆಚ್ಚಾಗಿ ತಪ್ಪುತ್ತದೆ. ಪುಟದ ಭಾಷೆ ಕನ್ನಡ ಎಂಬ ಗುರುತನ್ನು ಎಚ್‌ಟಿಎಂಎಲ್‌ನಲ್ಲಿ ಹಾಕಿ. ನಿಮ್ಮ ಮೂರೂ ಭಾಷೆಯ ಪುಟಗಳಲ್ಲಿ ಇಂಗ್ಲಿಷ್ ಎಂದೇ ಇದೆ. ಓದಿ ಹೇಳುವ ತಂತ್ರಾಂಶ ಯಾವ ಧ್ವನಿ ಬಳಸಬೇಕೆಂದು ತಿಳಿಯುವುದು ಆ ಗುರುತಿನಿಂದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಂಗವಿಕಲರಿಗೆ ಎಟಕುವ ವಿನ್ಯಾಸ ಎಂದರೆ ಎಲ್ಲಿಯೋ ಪರದೇಶದ ನಿಯಮ ಎಂದು ಹಲವರು ತಿಳಿಯುತ್ತಾರೆ. ನಿಮ್ಮ ಮನೆಯಿಂದ ಪೆರ್ಲಕ್ಕೆ ಎಷ್ಟು ದೂರ? ಎಣ್ಮಕಜೆಯಲ್ಲಿ, ಮುಳಿಯಾರಿನಲ್ಲಿ, ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ, ಮಲಗಿದಲ್ಲೇ ಇರುವ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿದ್ದಾರೆ. ಒಂದು ಕೈ ಮಗುವಿನ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಅವರು ನಿಮ್ಮ ಚಿಕಿತ್ಸಾಲಯದ ಫಾರ್ಮ್ ತುಂಬುವಾಗ ಹತ್ತು ಸಲ ಏಳಬೇಕಾಗುತ್ತದೆ. ತುಂಬಿದ್ದು ಅಳಿಸಿಹೋಗಬಾರದು. ಮುಖ್ಯ ಬಟನ್ ಪರದೆಯ ಕೆಳಭಾಗದಲ್ಲಿ, ಹೆಬ್ಬೆರಳಿಗೆ ಸಿಗುವಲ್ಲಿ ಇರಲಿ. ಎಲ್ಲರಿಗೂ ಎಟಕುವ ವೆಬ್ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ, 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಚೌಕ ಇರಲಿ ಎನ್ನುತ್ತದೆ. ನಾನು 48ಕ್ಕಿಂತ ಕಡಿಮೆ ಇಡುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ 4.5ಕ್ಕೆ 1 ಇರಬೇಕು. ನಿಮ್ಮ ತಿಳಿಬೂದು ಅಕ್ಷರ ಅದಕ್ಕೆ ಎಟಕುವುದಿಲ್ಲ, ಬಿಸಿಲಿನ ಅಂಗಳದಲ್ಲಿ ನಿಂತರೆ ನನಗೇ ಕಾಣಲಿಲ್ಲ.

ಚಿಕಿತ್ಸಾಲಯದ ಫಾರ್ಮಿನಲ್ಲಿ ಹೆಸರು, ಫೋನು, ಕಾಯಿಲೆ ಎಲ್ಲ ಕೇಳುತ್ತೀರಿ. ಟೋಕನ್ನಿಗೆ ಕಾಯಿಲೆಯ ಹೆಸರು ಏಕೆ? ತೆಗೆಯಿರಿ. ಉಳಿದದ್ದನ್ನು ಏಕೆ ಪಡೆಯುತ್ತೀರಿ ಎಂದು ತಿಳಿಸುವ ಸೂಚನೆ ಕನ್ನಡದಲ್ಲೂ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ.

ಸಂಘದ ಮುಖಪುಟದಲ್ಲಿ ಪದಾಧಿಕಾರಿಗಳ ದೊಡ್ಡ ಫೋಟೋಗಳು ಒಂದಾದ ಮೇಲೊಂದು ಓಡುತ್ತಿವೆ. ಅವರು ಕೇಳಿರುತ್ತಾರೆ, ಗೊತ್ತು. ಬೇಡ ಎಂದು ಮುಖಕ್ಕೆ ಹೇಳಿದರೆ ಗಿರಾಕಿಯೇ ಹೋಗುತ್ತಾರೆ. ನಾನು ನೋಟ್‌ಬುಕ್ ತೆರೆದು ಮುಂದಿಡುತ್ತೇನೆ. ‘ನಿಮ್ಮ ಕೌಂಟರಿನಲ್ಲಿ ಅರ್ಧ ದಿನದಲ್ಲಿ ಜನ ಕೇಳಿದ್ದು ಇದು. ದರ ಮೇಲೆ ಇಡೋಣ, ಆಡಳಿತ ಸಮಿತಿಗೆ ಅದರದೇ ಒಂದು ಚಂದದ ಪುಟ ಮಾಡೋಣ’ ಎನ್ನುತ್ತೇನೆ. ತಮ್ಮದೇ ಸದಸ್ಯರ ಮಾತು ಕಂಡಾಗ ಹೆಚ್ಚಿನವರು ಒಪ್ಪುತ್ತಾರೆ. ಆ ಓಡುವ ಫೋಟೋಗಳನ್ನು ತೆಗೆದರೆ ಪುಟ ಬೇಗ ತೆರೆಯುತ್ತದೆ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ದರದ ಪುಟಕ್ಕೆ ಬೇರೆ ಫಾಂಟನ್ನೂ ಇಳಿಸಬೇಡಿ, ಆಂಡ್ರಾಯ್ಡಿನಲ್ಲಿ ಕನ್ನಡದ ನೋಟೋ ಫಾಂಟ್ ಇದ್ದೇ ಇದೆ.

ಡೊಮೈನನ್ನು, ಅಂದರೆ ಸೈಟಿನ ವಿಳಾಸವನ್ನು, ಗಿರಾಕಿಯ ಹೆಸರಿನಲ್ಲೇ, ಅವರದೇ ಇಮೇಲಿನಿಂದ ನೋಂದಾಯಿಸಿ. ಹಿಂದೆ ಮಾಡಿಕೊಟ್ಟವರು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ಗಲ್ಫಿಗೆ ಹೋದದ್ದರಿಂದ ಒಂದು ಶಾಲೆ ತನ್ನ ವಿಳಾಸವನ್ನೇ ಕಳೆದುಕೊಂಡು ನನ್ನ ಹತ್ತಿರ ಬಂದಿತ್ತು. ಮರಳಿ ಸಿಗಲಿಲ್ಲ, ಹೊಸ ಹೆಸರು ಹಿಡಿಯಬೇಕಾಯಿತು.

ಮಾಡಿದ್ದು ಸರಿಯಾಯಿತೋ ಎಂದು ತಿಳಿಯಲು ಎಷ್ಟು ಮಂದಿ ನೋಡಿದರು ಎಂದು ಎಣಿಸುವ ಸಾಧನಗಳು ಬೇಕಾಗಿಲ್ಲ. ಜನ ವೆಬ್ ಪುಟಗಳನ್ನು ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಮಾತು ಈ ಕೆಲಸದವರಿಗೆಲ್ಲ ಗೊತ್ತು: ಐದು ಮಂದಿ ಬಳಸುವುದನ್ನು ನೋಡಿದರೆ ತೊಡಕುಗಳಲ್ಲಿ ಹೆಚ್ಚಿನವು ಸಿಕ್ಕಿಬಿಡುತ್ತವೆ. ಬಳಸುವವರಲ್ಲೇ ಬೇರೆ ಬೇರೆ ಗುಂಪುಗಳಿದ್ದರೆ ಪ್ರತಿ ಗುಂಪಿನಿಂದ ಮೂರು ನಾಲ್ಕು ಮಂದಿ ಬೇಕು ಎಂದೂ ಅವರು ಹೇಳಿದ್ದಾರೆ. ನಮ್ಮಲ್ಲಿ ಅಂದರೆ ಕನ್ನಡ ಓದುವ ಮೂವರು, ಮಲಯಾಳ ಓದುವ ಮೂವರು, ಅಕ್ಷರ ಬಾರದವರು ಒಬ್ಬಿಬ್ಬರು. ಅವರ ಫೋನಿನಲ್ಲೇ ನೋಡಿ, ನಿಮ್ಮದರಲ್ಲಿ ಬೇಡ. ‘ಇಲ್ಲಿ ಒತ್ತಿ’ ಎನ್ನಬೇಡಿ. ‘ನಾಳೆ ಬೆಳಿಗ್ಗೆಗೆ ಒಂದು ಟೋಕನ್ ತೆಗೆಯಿರಿ ಅಕ್ಕ’ ಎಂದು ಹೇಳಿ ಸುಮ್ಮನೆ ಕೂತುಕೊಳ್ಳಿ. ಬಾಯಿ ಬಿಡದೆ ಕೂರುವುದು ಕಷ್ಟ, ಕೈ ತಾನಾಗಿ ಮುಂದೆ ಹೋಗುತ್ತದೆ. ಹೆಬ್ಬೆರಳು ಎಲ್ಲಿ ಗಾಳಿಯಲ್ಲಿ ನಿಂತಿತೋ ಅಲ್ಲೇ ತೊಡಕು ಉಂಟು. ಒಮ್ಮೆ ಹೀಗೆ ನೋಡುವಾಗ ಕೊನೆಯ ಬಟನ್ ಹತ್ತಿರ ಎಲ್ಲರೂ ತಡೆದು ನಿಲ್ಲುತ್ತಿದ್ದರು. ಕಾರಣ ಕೇಳಿದರೆ ಒಬ್ಬರು, ‘ಒತ್ತಿದರೆ ದುಡ್ಡು ಹೋಗ್ತದೋ ಏನೋ’ ಎಂದರು. ಬಟನ್ನಿನ ಮೇಲೆ ‘ಇಲ್ಲಿ ಹಣ ಕಟ್ಟಬೇಕಾಗಿಲ್ಲ’ ಎಂಬ ಸಾಲು ಸೇರಿಸಿದೆ. ಮರುವಾರದಿಂದ ಒತ್ತತೊಡಗಿದರು.

ನಾಲ್ಕನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಡಿ. ಸಂಘದ ದರದ ಪುಟ, ಗುಮಾಸ್ತರ ಪುಟ ಎರಡನ್ನು ಈ ತಿಂಗಳು ಮುಗಿಸಿ. ಬೋರ್ಡೋ ಲೆಕ್ಕದ ಸಾಧನ ಮಾಡುವುದಾದರೆ ಮೇ ತಿಂಗಳೊಳಗೆ ಜನರ ಫೋನಿನಲ್ಲಿರಬೇಕು, ಮಳೆ ಹಿಡಿದ ಮೇಲೆ ಕೊಟ್ಟು ಫಲವಿಲ್ಲ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕರ್ಕಾಟಕ ಮಾಸದ ಚಿಕಿತ್ಸೆಗೆ ಜನ ಸಾಲುಗಟ್ಟುತ್ತಾರೆ, ಅಷ್ಟರಲ್ಲಿ ಟೋಕನ್ ಪುಟ ತಯಾರಿರಲಿ. ಸೋಮವಾರ ಬೆಳಿಗ್ಗೆ ಚಿಕಿತ್ಸಾಲಯದಲ್ಲಿ ಹೆಚ್ಚು ಜನ ಇರುತ್ತಾರಲ್ಲ, ಅಲ್ಲಿಗೇ ಮೊದಲು ಹೋಗಿ ಕೂರಿ. ಬರೆದುಕೊಂಡದ್ದರ ಫೋಟೋ ತೆಗೆದು ನನಗೆ ಕಳಿಸಿ, ಒಟ್ಟಿಗೆ ನೋಡೋಣ.